ಖಾಲಿ ಆಗೋ ತನಕ

ನವೆಂಬರ್ 14, 2025, ಶುಕ್ರವಾರ
ರಾತ್ರಿ 11:40

ಇವತ್ತು ಮಧ್ಯಾಹ್ನ ಒಂದು ಪುಟ್ಟ ಗಾಜಿನ ಟ್ಯೂಬಿನ ಮುಂದೆ ಒಂದೂವರೆ ಗಂಟೆ ಕೂತಿದ್ದೆ. ಒಳಗೆ ಒಂದು ಚಿಟಿಕೆ ನೀಲಿ ಪುಡಿ. ಅದು ಬಣ್ಣ ಬದಲಿಸುವುದನ್ನು ಕಣ್ಣಾರೆ ನೋಡಬೇಕಿತ್ತು. ಪಕ್ಕದಲ್ಲಿ ನಮ್ಮ ಲ್ಯಾಬಿಗೆ ಈ ವರ್ಷ ಸೇರಿದ ಹುಡುಗಿ. ಇಬ್ಬರೂ ಜಾಸ್ತಿ ಮಾತಾಡಲಿಲ್ಲ.

ಇದರ ಹಿಂದೆ ಎರಡು ವಾರದ ಕಥೆ ಇದೆ. ಅವಳು ಲ್ಯಾಬಿಗೆ ಬಂದ ಮೇಲೆ ಮಾಡಿದ ಮೊದಲ ಮಾಫ್ ಇದು. ಎಂ ಒ ಎಫ್ ಅನ್ನೋದನ್ನ ನಾವೆಲ್ಲ ಬಾಯಲ್ಲಿ ಮಾಫ್ ಅಂತಲೇ ಹೇಳೋದು. ಲೋಹದ ಗಂಟುಗಳನ್ನು ಇಂಗಾಲದ ಅಣುಗಳಿಂದ ಕಟ್ಟಿ ಮಾಡಿದ ಚೌಕಟ್ಟು. ಗಂಟಿನ ಜಾಗದಲ್ಲಿ ತಾಮ್ರ ಅಥವಾ ಸತು ಅಥವಾ ಜಿರ್ಕೋನಿಯಂ, ಗಂಟಿನಿಂದ ಗಂಟಿಗೆ ಹೋಗುವ ಕಂಬದ ಜಾಗದಲ್ಲಿ ಆ ಇಂಗಾಲದ ಅಣು, ಅದಕ್ಕೆ ಲಿಂಕರ್ ಅನ್ನುತ್ತೇವೆ. ಹೀಗೆ ಕಟ್ಟುತ್ತಾ ಹೋದರೆ ನಡುನಡುವೆ ಕೋಣೆಗಳು ಉಳಿಯುತ್ತವೆ. ನಮಗೆ ಬೇಕಾಗಿರುವುದು ಆ ಕೋಣೆಗಳೇ.

ಅವಳಿಗೆ ಕೊಟ್ಟಿದ್ದು ಹಳೇ, ನಂಬಿಕಸ್ತ ಮಾಫ್. 1999ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಮಾಡಿದ್ದು, ಹೆಸರು ಎಚ್‌ಕೆಯುಎಸ್‌ಟಿ-1. ತಾಮ್ರಕ್ಕೆ ಕಾಪರ್ ನೈಟ್ರೇಟ್, ಲಿಂಕರ್ ಆಗಿ ಟ್ರೈಮೆಸಿಕ್ ಆಸಿಡ್. ಅವನ್ನು ಕರಗಿಸಲು ಡಿಎಂಎಫ್ ಅನ್ನೋ ದ್ರಾವಕ, ಎಥನಾಲ್, ನೀರು ಬೆರೆಸಿದ ದ್ರಾವಣ. 85 ಡಿಗ್ರಿಯ ಓವನ್‌ನಲ್ಲಿ ಒಂದು ದಿನ. ಮಾರನೇ ದಿನ ವಯಲ್ ತೆಗೆದಾಗ ತಳದ ತುಂಬಾ ನೀಲಿ ಹರಳು. ಮೈಕ್ರೋಸ್ಕೋಪಿನಲ್ಲಿ ಒಂದೊಂದೂ ಎಂಟು ಮುಖದ, ಅಂಚು ಚೂಪಾಗಿರುವ ಹರಳು. ಬೆಳಕನ್ನು ಸೋಸುವ ಪೋಲರೈಸರ್ ಹಾಕಿ ತಟ್ಟೆಯನ್ನು ಪೂರ್ತಿ ಒಂದು ಸುತ್ತು ತಿರುಗಿಸಿದಳು. ಯಾವ ಕೋನದಲ್ಲೂ ಹರಳು ಬೆಳಗಲಿಲ್ಲ, ಕಪ್ಪಾಗಿಯೇ ಉಳಿಯಿತು. ಗಾಬರಿಯಾಗಿ ನನ್ನನ್ನು ಕರೆದಳು. ಗಾಬರಿ ಬೇಡ ಅಂದೆ. ಮೂರೂ ದಿಕ್ಕಿನಲ್ಲಿ ಒಂದೇ ಅಳತೆ ಇರುವ ಕ್ಯೂಬಿಕ್ ಹರಳು ಹಾಗೇ ಇರಬೇಕು. ಬೆಳಗಿದ್ದರೆ ನಾವು ಯೋಚನೆ ಮಾಡಬೇಕಿತ್ತು.

ಹರಳಿನ ಒಳರಚನೆಯನ್ನು ಎಕ್ಸ್‌ರೇಯಿಂದ ನೋಡುವ ಪೌಡರ್ ಎಕ್ಸ್‌ಆರ್‌ಡಿ ಕೂಡ ಚೆನ್ನಾಗಿ ಬಂತು. ಎಲ್ಲ ಪೀಕ್‌ಗಳೂ ತಮ್ಮ ತಮ್ಮ ಜಾಗದಲ್ಲಿ. ಅವಳ ಖುಷಿ ನೋಡಬೇಕಿತ್ತು.

ಆಮೇಲೆ ಪುಡಿ ಎಷ್ಟು ನೈಟ್ರೋಜನ್ ಹೀರುತ್ತದೆ ಅಂತ ನೋಡಿ ಒಳಮೈ ಅಳೆದಳು. ಈ ಮಾಫ್‌ನಲ್ಲಿ ಸರಿಯಾಗಿ ಮಾಡಿದರೆ ಗ್ರಾಂಗೆ 1500 ಚದರ ಮೀಟರ್‌ಗಿಂತ ಜಾಸ್ತಿ ಬರುತ್ತದೆ. ಅಂದರೆ ಒಂದೇ ಒಂದು ಗ್ರಾಂ ಪುಡಿಯ ಒಳಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು ಆರು ಟೆನಿಸ್ ಅಂಕಣದಷ್ಟು ಜಾಗ. ಅವಳಿಗೆ ಬಂದಿದ್ದು 390. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವ ಹಾಗಾಯಿತು.

"ಅಕ್ಕ, ನಾನೇನೋ ತಪ್ಪು ಮಾಡಿದೀನಿ. ಮತ್ತೆ ಮೊದಲಿಂದ ಮಾಡ್ಲಾ?" ಅಂತ ಕೇಳಿದಳು.

"ಟ್ಯೂಬಿಗೆ ಹಾಕಿದಾಗ ಯಾವ ಬಣ್ಣ ಇತ್ತು?"

"ನೀಲಿ."

"ಅಳೆದಾದ ಮೇಲೆ?"

ಸ್ವಲ್ಪ ಯೋಚಿಸಿ, "ನೀಲೀನೇ," ಅಂದಳು.

ಉತ್ತರ ಅಲ್ಲೇ ಇತ್ತು. ಚೌಕಟ್ಟು ಸರಿಯಾಗಿದೆ. ಕೋಣೆ ಖಾಲಿಯಾಗಿಲ್ಲ.

ಹರಳು ಬೆಳೆಯುವಾಗ ಕೋಣೆಗಳು ಖಾಲಿ ಹುಟ್ಟುವುದಿಲ್ಲ. ಯಾವ ದ್ರಾವಣದಲ್ಲಿ ಬೆಳೆಯುತ್ತವೋ ಅದನ್ನೇ ತುಂಬಿಕೊಂಡು ಹುಟ್ಟುತ್ತವೆ. ಅದರಲ್ಲೂ ಡಿಎಂಎಫ್ 153 ಡಿಗ್ರಿಗೆ ಕುದಿಯುವಂಥದ್ದು, ಸುಮ್ನೆ ಜಾಗ ಬಿಟ್ಟು ಏಳುವುದಿಲ್ಲ. ಈ ಮಾಫ್‌ನಲ್ಲಿ ಇನ್ನೂ ಒಂದು ವಿಷಯ ಇದೆ. ಎರಡು ತಾಮ್ರದ ಅಯಾನುಗಳು ಎದುರುಬದುರು ಕೂತಿರುತ್ತವೆ. ಅವುಗಳ ಸುತ್ತ ಲಿಂಕರ್‌ಗಳ ತುದಿಗಳಾದ ನಾಲ್ಕು ಕಾರ್ಬಾಕ್ಸಿಲೇಟ್‌ಗಳು ಚಕ್ರದ ಹಲಗೆಗಳ ಹಾಗೆ ನಿಂತಿರುತ್ತವೆ. ಅದಕ್ಕೇ ಇದನ್ನು ಪ್ಯಾಡಲ್‌ವೀಲ್ ಅನ್ನುವುದು. ಪ್ರತಿ ತಾಮ್ರಕ್ಕೂ ಹೊರಮುಖವಾಗಿ ಒಂದು ಕೈ ಉಳಿದಿರುತ್ತದೆ. ಆ ಕೈಯಲ್ಲಿ ನೀರೋ ಡಿಎಂಎಫ್ಫೋ ಯಾವುದಾದರೂ ಒಂದು ಅಣು ಇದ್ದೇ ಇರುತ್ತದೆ. ಅದು ಇರುವ ತನಕ ಪುಡಿ ತಿಳಿನೀಲಿ. ಅದನ್ನು ಬಿಡಿಸಿದರೆ ಕಡುನೇರಳೆ. ತಾಮ್ರ ತಾನೇ ಬಾಯಿಬಿಟ್ಟು ಹೇಳುತ್ತದೆ, ನನ್ನ ಕೈ ಖಾಲಿ ಇದೆ ಅಂತ.

ಅನುಮಾನ ಉಳಿಯಬಾರದು ಅಂತ ಐಆರ್ ತೆಗೆಸಿದೆವು, ಅಂದರೆ ಅತಿಗೆಂಪು ಬೆಳಕಿನಿಂದ ಒಳಗಿನ ಅಣುಗಳ ಗುರುತು ಹಿಡಿಯುವ ಪರೀಕ್ಷೆ. 1660ರ ಆಸುಪಾಸಿನಲ್ಲಿ ಡಿಎಂಎಫ್‌ನ ಕಾರ್ಬೊನಿಲ್ ಗುರುತು ಎದ್ದು ಕಾಣುತ್ತಿತ್ತು. ಎಕ್ಸ್‌ಆರ್‌ಡಿಯಲ್ಲಿ ಪೀಕ್‌ಗಳ ಜಾಗ ಚೌಕಟ್ಟಿನ ಕಥೆ ಹೇಳುತ್ತದೆ. ಒಳಗೆ ಯಾರಿದ್ದಾರೆ ಅನ್ನುವುದಕ್ಕೆ ಪೀಕ್‌ಗಳ ಎತ್ತರದಲ್ಲಿ ಒಂದಿಷ್ಟು ಸುಳಿವು ಸಿಗಬಹುದು, ಅಷ್ಟೇ. ಚಂದದ ಎಕ್ಸ್‌ಆರ್‌ಡಿ ನೋಡಿ ಕೆಲಸ ಮುಗೀತು ಅಂದುಕೊಳ್ಳುವುದು ನಮ್ಮ ಕೆಲಸದಲ್ಲಿ ತುಂಬಾ ಸುಲಭ.

ಹೋದ ತಿಂಗಳು 8ನೇ ತಾರೀಕು ರಸಾಯನಶಾಸ್ತ್ರದ ನೊಬೆಲ್ ಇದೇ ಕೆಲಸಕ್ಕೆ ಬಂತಲ್ಲ, ರಾಬ್ಸನ್, ಕಿತಗಾವಾ, ಯಾಘಿ ಮೂವರಿಗೂ. ಅವತ್ತು ನಾನು ಅತ್ತುಬಿಟ್ಟಿದ್ದೆ. ಅದರ ಬಗ್ಗೆ ಬರೆಯಬೇಕು ಅಂತ ಇದ್ದೆ, ಆಗಲಿಲ್ಲ. ಇವತ್ತು ಆ ಕಥೆಯನ್ನು ಬೇರೆ ಕಣ್ಣಿಂದ ನೋಡುತ್ತಿದ್ದೇನೆ. ರಿಚರ್ಡ್ ರಾಬ್ಸನ್ 1974ರಲ್ಲಿ ಮೆಲ್ಬರ್ನ್‌ನಲ್ಲಿ ಪಾಠಕ್ಕೆ ಬೇಕು ಅಂತ ಮರದ ಗೋಲಿಗಳಿಂದ ಅಣುಗಳ ಮಾದರಿ ಮಾಡಿಸುತ್ತಿದ್ದರು. ಗೋಲಿಯಲ್ಲಿ ಎಲ್ಲೆಲ್ಲಿ ತೂತು ಕೊರೆಯಬೇಕು ಅಂತ ಅವರೇ ಗುರುತು ಹಾಕಿ ಕೊಡಬೇಕಿತ್ತು. ತೂತು ಸರಿಯಾದ ಜಾಗದಲ್ಲಿದ್ದರೆ ಮಾದರಿ ತಾನಾಗಿಯೇ ಸರಿಯಾದ ಆಕಾರಕ್ಕೆ ಬರುತ್ತದೆ. ಅಯಾನುಗಳೂ ಹೀಗೇ ಮಾಡಿದರೆ? ಈ ಪ್ರಶ್ನೆಯನ್ನು ಹತ್ತು ವರ್ಷಕ್ಕೂ ಜಾಸ್ತಿ ಮನಸ್ಸಿನಲ್ಲಿ ಇಟ್ಟುಕೊಂಡು, 1989ರಲ್ಲಿ ತಾಮ್ರ ಮತ್ತು ನಾಲ್ಕು ಕೈಯ ಅಣುವಿನಿಂದ ವಜ್ರದ ಹಾಗಿನ ಬಲೆ ಕಟ್ಟಿ ತೋರಿಸಿದರು. ಒಳಗೆಲ್ಲ ದೊಡ್ಡ ದೊಡ್ಡ ಜಾಗ. ಆದರೆ ಅಂಥ ಬಲೆಗಳು ಒಳಗಿನದನ್ನು ತೆಗೆಯಲು ಹೋದರೆ ಕುಸಿಯುತ್ತಿದ್ದವು.

1997ರಲ್ಲಿ ಸುಸುಮು ಕಿತಗಾವಾ ಅವರ ತಂಡ ತಮ್ಮ ಚೌಕಟ್ಟಿನಿಂದ ನೀರು ತೆಗೆದು, ಅದರೊಳಗೆ ಮೀಥೇನ್, ನೈಟ್ರೋಜನ್, ಆಕ್ಸಿಜನ್ ತುಂಬಿ ಮತ್ತೆ ಹೊರತೆಗೆದು ತೋರಿಸಿತು. ಚೌಕಟ್ಟು ಅಲುಗಾಡಲಿಲ್ಲ. 1999ರಲ್ಲಿ ಒಮರ್ ಯಾಘಿ ಅವರ ಮಾಫ್-5 ಖಾಲಿಯಾಗಿದ್ದೂ 300 ಡಿಗ್ರಿ ತಡೆದುಕೊಂಡಿತು. ಪತ್ರಿಕೆಗಳಲ್ಲಿ ಇದನ್ನು ಕಟ್ಟಿದ ಕಥೆಯಾಗಿ ಬರೆದರು. ನನಗೆ ಇದು ಖಾಲಿ ಮಾಡಿದ ಕಥೆ.

ನನ್ನದೇ ಒಂದು ಗಾಯ ಇದೆ, ಅದನ್ನೂ ಬರೆದುಬಿಡುತ್ತೇನೆ. ಈ ವರ್ಷದ ಶುರುವಿನಲ್ಲಿ ಉದ್ದದ ಲಿಂಕರ್ ಒಂದನ್ನು ಕಾಗದದ ಮೇಲೆ ಬರೆದೆ. ಮೂರು ಬೆಂಜೀನ್ ಉಂಗುರ ಸಾಲಾಗಿ, ಎರಡು ತುದಿಗೂ ಕಾರ್ಬಾಕ್ಸಿಲಿಕ್ ಆಸಿಡ್, ನಡುವಿನ ಉಂಗುರಕ್ಕೆ ಎರಡು ಪುಟ್ಟ ಕೊಂಬೆ. ಮಾಡುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಕಾಲಮ್ ಮೇಲೆ ಕಾಲಮ್ ಹಾಕಿ ಶುದ್ಧ ಮಾಡಿದೆ. ಸತುವಿನ ಜೊತೆ ಓವನ್‌ಗೆ ಇಟ್ಟೆ. ಮೂರನೇ ದಿನ ಬಣ್ಣವಿಲ್ಲದ, ಗಾಜಿನ ಹಾಗಿನ ಘನಗಳು. ಒಂದನ್ನು ಎಣ್ಣೆಯಲ್ಲಿ ಅದ್ದಿ, ಪುಟ್ಟ ಲೂಪ್‌ನಲ್ಲಿ ಎತ್ತಿ ಎಕ್ಸ್‌ರೇಗೆ ಇಟ್ಟಾಗ ಕೈ ನಡುಗುತ್ತಿತ್ತು. ರಾತ್ರಿ ಸ್ಟ್ರಕ್ಚರ್ ಬಿಡಿಸಿದೆ. ನಾನು ಬರೆದ ಬಲೆ ಬರೆದ ಹಾಗೇ ಇತ್ತು. ಅದರ ಕೋಣೆಗಳ ಒಳಗೆ ಅದೇ ಥರದ ಇನ್ನೊಂದು ಬಲೆ ಹೆಣೆದುಕೊಂಡಿತ್ತು. ಎರಡಕ್ಕೂ ನಡುವೆ ಒಂದೇ ಒಂದು ಬಂಧವೂ ಇಲ್ಲ. ಆದರೆ ಸರಪಳಿಯ ಕೊಂಡಿಗಳ ಹಾಗೆ, ಒಂದನ್ನು ಬಿಟ್ಟು ಇನ್ನೊಂದು ಹೊರಬರುವ ಹಾಗೂ ಇಲ್ಲ.

ಲಿಂಕರ್ ಉದ್ದ ಮಾಡಿದರೆ ಕೋಣೆ ದೊಡ್ಡದಾಗುತ್ತದೆ ಅನ್ನುವುದು ನಿಜ. ದೊಡ್ಡ ಕೋಣೆಗೆ ಇನ್ನೊಬ್ಬರು ಬಂದು ಸೇರಿಕೊಳ್ಳುವುದೂ ಅಷ್ಟೇ ನಿಜ. ಯಾಘಿ ತಂಡದ 2002ರ ಕೆಲಸದಲ್ಲಿ ಇದಕ್ಕೆ ದಾರಿ ಇದೆ. ಕೊಂಬೆಯಿಲ್ಲದ ಮೂರು ಉಂಗುರದ ಲಿಂಕರ್‌ನಿಂದಲೇ ಅವರು ಎರಡು ಥರ ಹರಳು ಮಾಡಿದರು. ಒಂದರಲ್ಲಿ ಜೋಡಿ ಬಲೆ. ದ್ರಾವಣವನ್ನು ತುಂಬಾ ತೆಳು ಮಾಡಿ ಬೆಳೆಸಿದಾಗ ಒಂಟಿ ಬಲೆ. ಅಣುಗಳು ದೂರ ದೂರ ಇದ್ದರೆ ಎರಡನೇ ಬಲೆ ಶುರುವಾಗುವುದೇ ಕಷ್ಟ ಅಲ್ವಾ? ನನ್ನ ಹತ್ತಿರ ಲಿಂಕರ್ ಇನ್ನು 60 ಮಿಲಿಗ್ರಾಂ ಉಳಿದಿದೆ. ತೆಳು ಮಾಡಿ ಆರು ವಯಲ್ ಹಾಕಬಹುದು. ಸೋಮವಾರ ಹಾಕುತ್ತೇನೆ.

ಮತ್ತೆ ನೀಲಿ ಪುಡಿಗೆ ಬರೋಣ. ಕಳೆದ ಸೋಮವಾರದಿಂದ ಅವಳು ಅದನ್ನು ಮೆಥನಾಲ್‌ನಲ್ಲಿ ನೆನೆಹಾಕಿದ್ದಳು. ದಿನಕ್ಕೆ ಮೂರು ಸಲ ಮೇಲಿನ ದ್ರವ ಬಸಿದು ಹೊಸದು ಹಾಕಬೇಕು. ಕದಡಬಾರದು, ಆತುರ ಮಾಡಬಾರದು. 65 ಡಿಗ್ರಿಗೆ ಕುದಿಯುವ ಮೆಥನಾಲ್ ಒಳಗೆ ಹೋಗಿ, ಡಿಎಂಎಫ್ ನಿಧಾನಕ್ಕೆ ಹೊರಗೆ ಬರಬೇಕು. ಗುರುವಾರ ರಾತ್ರಿ ಐಆರ್‌ನಲ್ಲಿ 1660ರ ಗುರುತು ಹೋಗಿತ್ತು.

ಇವತ್ತು ಎರಡು ಗಂಟೆಗೆ 112 ಮಿಲಿಗ್ರಾಂ ಟ್ಯೂಬಿಗೆ ಹಾಕಿ ವ್ಯಾಕ್ಯೂಮ್ ಕೊಟ್ಟೆವು. ಪಂಪನ್ನು ಒಮ್ಮೆಗೇ ತೆರೆದರೆ ಪುಡಿ ಹಾರಿ ಮೇಲೆ ಹೋಗುತ್ತದೆ, ಅದಕ್ಕೆ ವಾಲ್ವನ್ನು ಕೂದಲೆಳೆಯಷ್ಟೇ ತಿರುಗಿಸಿದೆ. ಆಮೇಲೆ ಬಿಸಿ. 60 ಡಿಗ್ರಿಯಲ್ಲಿ ಏನೂ ಆಗಲಿಲ್ಲ. 90 ದಾಟಿದ ಮೇಲೆ ಗಾಜಿಗೆ ಅಂಟಿದ ಅಂಚಿನಲ್ಲಿ ನೀಲಿ ಸ್ವಲ್ಪ ಗಾಢವಾದ ಹಾಗೆ ಕಂಡಿತು. ನಿಜವಾ, ಭ್ರಮೆಯಾ ಗೊತ್ತಾಗಲಿಲ್ಲ. ಹಿಂದೆ ಬಿಳಿ ಹಾಳೆ ಹಿಡಿದು ನೋಡಿದೆವು. ನಿಜ. ಅಂಚಿನಿಂದ ಶುರುವಾದ ಬಣ್ಣ ಒಳಕ್ಕೆ ಹರಡುತ್ತಾ ಹೋಯಿತು. 150ಕ್ಕೆ ಬಂದು ಸ್ವಲ್ಪ ಹೊತ್ತಿಗೆ ಟ್ಯೂಬಿನ ತಳದಲ್ಲಿ ಇದ್ದದ್ದು ಪೂರ್ತಿ ಕಡುನೇರಳೆ.

"ಅಕ್ಕ, ಇದು ಅದೇ ಪುಡೀನಾ?" ಅಂದಳು. ಕಣ್ಣು ತೆಗೆಯಲಿಲ್ಲ.

ಬಿಸಿಯಲ್ಲೇ ಆರು ಗಂಟೆ ಬಿಟ್ಟೆವು. ಆ ಹೊತ್ತಿನಲ್ಲಿ ಅವಳಿಗೆ ಇನ್ನೊಂದು ತೋರಿಸಿದೆ. ಗಾಳಿ, ತೇವ ಒಳಗೆ ಬಿಡದ ಗ್ಲೋವ್‌ಬಾಕ್ಸ್‌ನಲ್ಲಿ ನಾನು ಮೊದಲೇ ಖಾಲಿ ಮಾಡಿ ಇಟ್ಟಿದ್ದ ನೇರಳೆ ಪುಡಿಯಲ್ಲಿ ಒಂದು ಚಿಟಿಕೆ ಹೊರಗೆ ತಂದು ಫಿಲ್ಟರ್ ಪೇಪರ್ ಮೇಲೆ ಹರಡಿದೆ. ನೋಡನೋಡುತ್ತಲೇ ನೇರಳೆ ಹೋಗಿ ನೀಲಿ ಬಂತು. ಗಾಳಿಯಲ್ಲಿದ್ದ ನೀರಿನ ಆವಿಯೇ ಬಂದು ತಾಮ್ರದ ಕೈ ಹಿಡಿದುಬಿಟ್ಟಿತು. ಟ್ಯೂಬಿನ ಮುಚ್ಚಳದ ಬಗ್ಗೆ ಇನ್ನು ಅವಳಿಗೆ ಹೇಳುವ ಅಗತ್ಯ ಇಲ್ಲ.

ಒಂಬತ್ತೂವರೆಗೆ ಆರಿಸಿ ತೂಕ ಮಾಡಿದೆವು. 81 ಮಿಲಿಗ್ರಾಂ. ತೂಕದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಬರೀ ಒಳಗೆ ಕೂತಿದ್ದವರದೇ. ದ್ರವ ನೈಟ್ರೋಜನ್ ತುಂಬಿ, ಟ್ಯೂಬನ್ನು 77 ಕೆಲ್ವಿನ್‌ಗೆ ಇಳಿಸಿ, ಅಳತೆ ಶುರು ಮಾಡಿದೆವು. ಯಂತ್ರ ಒಂದು ಗುಕ್ಕು ನೈಟ್ರೋಜನ್ ಬಿಟ್ಟಿತು. ಒತ್ತಡದ ಗೆರೆ ಸ್ವಲ್ಪ ಎದ್ದು, ಪುಡಿ ಅದನ್ನು ನುಂಗುತ್ತಿದ್ದ ಹಾಗೆ ಮತ್ತೆ ಸೊನ್ನೆಯ ಹತ್ತಿರ ಮಲಗಿತು. ಇನ್ನೊಂದು ಗುಕ್ಕು. ಮತ್ತೆ ಮಲಗಿತು. ಹೋದ ವಾರ ಮೂರನೇ ಗುಕ್ಕಿಗೇ ಗೆರೆ ಮೇಲಕ್ಕೆ ಹತ್ತಿತ್ತು.

ನಾನು ಮನೆಗೆ ಹೊರಟಾಗ ಹನ್ನೊಂದನೇ ಗುಕ್ಕು. ಗೆರೆ ಇನ್ನೂ ಕೆಳಗೇ ಇತ್ತು. ಅವಳು ಕುರ್ಚಿ ಎಳೆದುಕೊಂಡು ಎದುರಿಗೆ ಕೂತಿದ್ದಳು. ಬಾ ಅಂದರೂ ಏಳಲಿಲ್ಲ.