ಮೊಲದ ಹುಳಿ: ಸ್ವೀಡನ್ ಕಾಡಿನ ಪುಳ್ಳಂಪುರಚಿ

ದಾವಣಗೆರೆಗೆ ಫೋನ್ ಮಾಡಿದಾಗ ಚಳಿ, ಕೆಲಸ, ಸಂಬಳ ಎಲ್ಲ ವಿಚಾರಿಸಿ ಆದ ಮೇಲೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ, "ಅಲ್ಲಿ ಸೊಪ್ಪು ಸಿಗುತ್ತೇನಪ್ಪಾ?" ಸಿಗುತ್ತದೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಅಂಗಡಿಗಳಲ್ಲಿ ತೊಳೆದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿದ ಪಾಲಕ್ ಇರುತ್ತದೆ. ವಾಸನೆ ಇಲ್ಲ, ರುಚಿ ಇಲ್ಲ. ಅಣ್ಣೆ, ಗೋಣಿ, ಕನ್ನೆ ಎಲ್ಲ ಸೇರಿಸಿ ಬೆರಕೆ ಸೊಪ್ಪಿನ ಸಾರು ಉಂಡವರಿಗೆ ಅದು ಯಾವ ಮೂಲೆಗೂ ಸಾಲದು. ಆದರೆ ಇಲ್ಲಿನ ಕಾಡಲ್ಲಿ ಒಂದು ಸೊಪ್ಪಿದೆ. ಅದರ ಬಗ್ಗೆ ಹೇಳಬೇಕು.

ಇಲ್ಲಿಯವರು ಅದನ್ನು ಹಾರ್‌ಸ್ಯೂರ ಅನ್ನುತ್ತಾರೆ, ಮೊಲದ ಹುಳಿ ಅಂತ. ಇಂಗ್ಲಿಷ್‌ನಲ್ಲಿ ವುಡ್ ಸಾರೆಲ್. ನಮ್ಮ ಕಡೆ ಬಚ್ಚಲ ನೀರು ಹರಿಯುವಲ್ಲಿ, ತುಳಸಿ ಕಟ್ಟೆಯ ಸಂದಿಯಲ್ಲಿ, ಹೂವಿನ ಕುಂಡದಲ್ಲಿ ಹೇಳದೆ ಕೇಳದೆ ಹಬ್ಬುವ ಪುಳ್ಳಂಪುರಚಿ ಗೊತ್ತಲ್ವಾ? ಚಿಕ್ಕ ಹಳದಿ ಹೂವು, ಅಂಗೈಯಲ್ಲಿ ಹತ್ತು ಹಿಡಿಸುವಂಥ ಪುಟಾಣಿ ಬೆಂಡೆಕಾಯಿ ತರದ ಕಾಯಿ, ಬಲಿತ ಮೇಲೆ ಮುಟ್ಟಿದರೆ ಬೀಜ ಚಿಟ್ ಅಂತ ಸಿಡಿಯುತ್ತದೆ. ಶಾಲೆಯಿಂದ ಬರುವಾಗ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದೆವಲ್ಲ, ಅದೇ. ಸಸ್ಯಶಾಸ್ತ್ರದಲ್ಲಿ ಅದು ಆಕ್ಸಾಲಿಸ್ ಕಾರ್ನಿಕ್ಯುಲೇಟ, ಇಲ್ಲಿನದು ಆಕ್ಸಾಲಿಸ್ ಅಸಿಟೋಸೆಲ್ಲ. ಎರಡೂ ಒಂದೇ ಕುಲ. ಎರಡಕ್ಕೂ ಈ ಹೆಸರು ಕೊಟ್ಟವನು ಇದೇ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್, 1753ರಲ್ಲಿ.

ಆದರೆ ಬಿಸಿಲಿನ ವಿಷಯದಲ್ಲಿ ಇಬ್ಬರ ಸ್ವಭಾವ ಬೇರೆ. ನಮ್ಮದು ದಾವಣಗೆರೆಯ ಬಿಸಿಲಿಗೂ ಜಗ್ಗುವುದಿಲ್ಲ, ಸ್ವಲ್ಪ ನೀರು ಸಿಕ್ಕರೆ ಸಾಕು. ಇದಕ್ಕೆ ನೆರಳೇ ಬೇಕು. ಸ್ಪ್ರೂಸ್ ಅನ್ನುವ ಸೂಜಿ ಎಲೆಯ ಮರಗಳ ಕೆಳಗೆ ಬೇರೇನೂ ಬೆಳೆಯದಷ್ಟು ಕತ್ತಲಿರುವ ಕಡೆ, ಹಾವಸೆಯ ಮೇಲೆ, ಕೊಳೆತ ದಿಮ್ಮಿಯ ಪಕ್ಕ ಹಸಿರಾಗಿ ಹರಡಿಕೊಂಡಿರುತ್ತದೆ. ಎತ್ತರ ಒಂದು ಗೇಣೂ ಇಲ್ಲ. ಬಗ್ಗಿ ನೋಡಿದರೆ ನೆಲದ ಮೇಲೆ ಕಾಂಡವೇ ಇಲ್ಲ. ಮಣ್ಣಲ್ಲಿ ತೆವಳುವ ತೆಳ್ಳನೆ ಗೆಡ್ಡೆಯಿಂದ ಒಂದೊಂದು ಎಲೆಗೂ ಒಂದೊಂದು ತೊಟ್ಟು ನೇರ ಮೇಲೆ ಬಂದಿರುತ್ತದೆ, ಅದರ ತುದಿಗೆ ಮೂರು ದಳ, ಪ್ರತಿ ದಳದ ತುದಿಯಲ್ಲಿ ಒಂದು ಕಚ್ಚು, ಹಾಗಾಗಿ ಹೃದಯದ ಆಕಾರ. ಮಧ್ಯದಲ್ಲಿ ಮಡಿಕೆಯ ಗೆರೆ. ಎಷ್ಟೋ ಎಲೆಗಳ ಅಡಿ ನೇರಳೆ ಛಾಯೆ. ಸಂಜೆಯಾದರೆ, ಮಳೆ ಬಂದರೆ, ನೇರ ಬಿಸಿಲು ಬಿದ್ದರೂ ಸರಿ, ಮೂರೂ ದಳ ಆ ಗೆರೆಯಲ್ಲೇ ಮಡಚಿಕೊಂಡು ತೊಟ್ಟಿಗೆ ಜೋತುಬೀಳುತ್ತವೆ. ಹೂವು ಮೇ ತಿಂಗಳಲ್ಲಿ. ಒಂದು ತೊಟ್ಟಿಗೆ ಒಂದೇ ಹೂವು, ಐದು ಬಿಳಿ ಎಸಳು, ಎಸಳಿನ ಮೇಲೆ ತಿಳಿನೇರಳೆ ನರಗಳು, ಬುಡದಲ್ಲಿ ಹಳದಿ ಚುಕ್ಕೆ.

ಅಷ್ಟೂ ಗುರುತು ಸಿಕ್ಕಿದ ಮೇಲೆ ರುಚಿ ನೋಡಬೇಕು. ರುಚಿ ನೋಡಿ ಗುರುತು ಹಿಡಿಯುವುದು ಉಲ್ಟಾ ಕೆಲಸ. ಯಾಕೆಂದರೆ ಅದೇ ಕಾಡಲ್ಲಿ, ಅದೇ ಹೊತ್ತಿಗೆ ವಿತ್‌ಸಿಪ್ಪ ಅನ್ನುವ ಇನ್ನೊಂದು ಬಿಳಿ ಹೂವು ಅರಳಿರುತ್ತದೆ, ಅದು ವಿಷ. ಅದರ ಎಲೆ ಹರಿದ ಹಾಗೆ ಸೀಳು ಸೀಳು, ಎಸಳೂ ಸಾಮಾನ್ಯವಾಗಿ ಆರು ಅಥವಾ ಜಾಸ್ತಿ. ಬ್ಲೋಸಿಪ್ಪ ಅನ್ನುವ ನೀಲಿ ಹೂವಿನ ಗಿಡದ ಎಲೆಗೂ ಮೂರು ಹಾಲೆ ಇರುತ್ತವೆ, ಆದರೆ ಅದು ಒಂದೇ ಎಲೆ, ಬಿಡಿ ದಳಗಳಲ್ಲ. ಅದನ್ನೂ ತಿನ್ನಬಾರದು. ಕ್ಲೋವರ್ ಅನ್ನುವ ಮೇವಿನ ಗಿಡಕ್ಕೂ ಮೂರು ದಳ, ಆದರೆ ದಳ ಮೊಟ್ಟೆಯಾಕಾರ, ಎಷ್ಟೋ ಸಲ ಮೇಲೊಂದು ಬಿಳಿ ಪಟ್ಟೆ, ಹುಳಿ ಇಲ್ಲ. ಅದರಿಂದ ಅಪಾಯವೇನಿಲ್ಲ, ಸಪ್ಪೆ ಅಷ್ಟೇ.

ಹೆಸರುಗಳದ್ದು ಇನ್ನೊಂದು ತಮಾಷೆ. ಇಲ್ಲಿ ಇದಕ್ಕೆ ಯೋಕ್‌ಮಾತ್ ಅಂತಲೂ ಹೆಸರಿದೆ, ಕುಕೂ ಹಕ್ಕಿಯ ಊಟ. ನಾರ್ವೆಯಲ್ಲಿ ಕುಕೂ ಹುಳಿ, ಫಿನ್‌ಲ್ಯಾಂಡಿನಲ್ಲಿ ಕುಕೂ ಕೋಸು, ಇಂಗ್ಲೆಂಡಿನ ಹಳ್ಳಿಗಳಲ್ಲಿ ಕುಕೂ ರೊಟ್ಟಿ. ಆ ಹಕ್ಕಿ ಆಫ್ರಿಕಾದಿಂದ ವಾಪಸ್ ಬಂದು ಕೂಗಲು ಶುರು ಮಾಡುವ ಹೊತ್ತಿಗೇ ಈ ಹೂವು ಬಿಡುತ್ತದೆ, ಅದಕ್ಕೇ. ನಮ್ಮಲ್ಲಿ ಯುಗಾದಿ ಹೊತ್ತಿಗೆ ಕೋಗಿಲೆ ಕೂಗಿದ ಹಾಗೆ ಅಂದುಕೊಳ್ಳಿ, ಹಕ್ಕಿ ಬೇರೆ, ಬುದ್ಧಿ ಮಾತ್ರ ಒಂದೇ, ಬೇರೆಯವರ ಗೂಡಲ್ಲಿ ಮೊಟ್ಟೆ. ಈಸ್ಟರ್ ಆದ ಮೇಲೆ, ಚರ್ಚುಗಳಲ್ಲಿ ಅಲ್ಲೆಲೂಯ ಅಂತ ದೇವರನ್ನು ಸ್ತುತಿಸಿ ಹಾಡುವ ಹೊತ್ತಿಗೆ ಅರಳುತ್ತದೆ ಅಂತ ಅಲ್ಲೆಲೂಯ ಅಂತಲೂ ಕರೆದಿದ್ದಾರೆ.

ಈ ಹೆಸರುಗಳು ಕೇಳೋಕೆ ಚೆಂದ, ಆದರೆ ಹೆಸರು ನಂಬಿ ಯಾರೂ ಎಲೆ ಕೀಳಬೇಡಿ. ಇಂಗ್ಲಿಷ್‌ನಲ್ಲಿ ಕುಕೂ ಪಿಂಟ್ ಅಂತ ಇನ್ನೊಂದು ಕಾಡುಗಿಡ ಇದೆ. ಹೆಸರಲ್ಲಿ ಅದೇ ಹಕ್ಕಿ. ಆದರೆ ಅದು ನಮ್ಮ ಸುವರ್ಣಗೆಡ್ಡೆಯ ಕುಟುಂಬದ್ದು, ಹಸಿ ತಿಂದರೆ ಬಾಯಿ ಗಂಟಲೆಲ್ಲ ಉರಿದು ಊದಿಕೊಳ್ಳುತ್ತದೆ. ನಮ್ಮಲ್ಲೇ ನೋಡಿ. ಹುಳಿಸೊಪ್ಪು ಅಂದರೆ ನಮ್ಮಮ್ಮನಿಗೆ ಪುಂಡಿ, ಚಿತ್ರದುರ್ಗದ ದೊಡ್ಡಮ್ಮನಿಗೆ ಚುಕ್ಕೆ ಸೊಪ್ಪು, ನನಗೆ ಪುಳ್ಳಂಪುರಚಿ. ಮೂವರೂ ಸರಿ, ಮೂರೂ ಬೇರೆ ಗಿಡ. ಊರಲ್ಲಾದರೆ ಯಾವುದು ತಂದರೂ ಸಾರು ಆಗುತ್ತದೆ. ಇಲ್ಲಿ ಹಾಗಲ್ಲ.

ಹುಳಿ ಬರುವುದು ಆಕ್ಸಾಲಿಕ್ ಆಸಿಡ್‌ನಿಂದ. ಆ ಆಸಿಡ್‌ಗೆ ಹೆಸರು ಬಂದದ್ದೇ ಈ ಗಿಡದ ಕುಲದಿಂದ. ಹಿಂದೆ ಯುರೋಪಿನಲ್ಲಿ ಈ ಸೊಪ್ಪಿನ ರಸದಿಂದ ಒಂದು ಉಪ್ಪು ತೆಗೆದು ಬಟ್ಟೆಯ ಶಾಯಿ ಕಲೆ, ತುಕ್ಕಿನ ಕಲೆ ಬಿಡಿಸುತ್ತಿದ್ದರಂತೆ. ನಾವು ಹಿತ್ತಾಳೆ ಬಿಂದಿಗೆಗೆ ಹುಣಸೆಹಣ್ಣು ತಿಕ್ಕುವವರು, ಆಶ್ಚರ್ಯಪಡುವಂಥದ್ದೇನೂ ಇಲ್ಲ ಬಿಡಿ. ಆದರೆ ಕಲೆ ತೆಗೆಯುವ ವಸ್ತು ಹೊಟ್ಟೆಗೆ ಜಾಸ್ತಿ ಹೋಗಬಾರದು. ಕಿಡ್ನಿಯಲ್ಲಿ ಕಲ್ಲು ಆದವರು ಇದರ ತಂಟೆಗೆ ಹೋಗಬೇಡಿ. ಉಳಿದವರಿಗೂ ಒಂದು ಸಣ್ಣ ಹಿಡಿ ಸಾಕು, ಅದೂ ದಿನಾ ಅಲ್ಲ. ಮೊಸರು ಮಜ್ಜಿಗೆ ಜೊತೆ ತಿಂದರೆ ಒಳ್ಳೆಯದು, ಅದರ ಕ್ಯಾಲ್ಸಿಯಂ ಈ ಆಸಿಡ್ ಅನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತದೆ. ಪುಳ್ಳಂಪುರಚಿ ತಂಬುಳಿಗೆ ಮಜ್ಜಿಗೆ ಹಾಕುವವರು ಲೆಕ್ಕ ಇಲ್ಲದೆ ಲೆಕ್ಕ ಸರಿ ಮಾಡಿದ್ದಾರೆ.

ಕಿತ್ತರೆ ಯಾರೂ ಬೈಯಲ್ವಾ ಅಂತ ಕೇಳುತ್ತೀರಿ. ಇಲ್ಲ. ಯಾರ ಕಾಡಾದರೂ ಸರಿ, ನಡೆಯಬಹುದು, ಕಾಡಿನ ಹಣ್ಣು, ಅಣಬೆ, ಹೂವು ಆರಿಸಬಹುದು. ಎಲ್ಲರಿಗೂ ಇರುವ ಈ ಹಕ್ಕನ್ನು ಆಲ್ಲೆಮಾನ್ಸ್‌ರೆಟ್ಟೆನ್ ಅಂತಾರೆ, 1994ರಲ್ಲಿ ಸಂವಿಧಾನಕ್ಕೂ ಸೇರಿಸಿದರು. ಮನೆಯಂಗಳಕ್ಕೆ ಕಾಲಿಡುವ ಹಾಗಿಲ್ಲ, ರಕ್ಷಿತ ಗಿಡ ಮುಟ್ಟುವ ಹಾಗಿಲ್ಲ, ಅಭಯಾರಣ್ಯಗಳಿಗೆ ಬೇರೆ ನಿಯಮ. ನಮ್ಮಲ್ಲಿ ಚಿತ್ರದುರ್ಗದ ಜೋಗಿಮಟ್ಟಿ ಕಾಡಿಗೆ ಹೋಗಿ ಚೀಲ ತುಂಬಿಕೊಂಡು ಬಂದರೆ ಗಾರ್ಡ್ ಸುಮ್ನೆ ಬಿಡ್ತಾನಾ?

ನಾನು ಇದನ್ನು ಬೇಯಿಸುವುದಿಲ್ಲ, ಬೆಂದರೆ ಬಣ್ಣ ಕೆಟ್ಟು ಕಂದಾಗುತ್ತದೆ. ಊರಿಂದ ಬರುವವರು ಯಾರಾದರೂ ಮಂಡಕ್ಕಿ ತಂದುಕೊಟ್ಟಿರುತ್ತಾರಲ್ಲ, ಅದಕ್ಕೆ ಖಾರದ ಪುಡಿ, ಈರುಳ್ಳಿ, ಶೇಂಗಾ ಕಲಸಿ ಡಬ್ಬಿಗೆ ಹಾಕಿಕೊಂಡು ಕಾಡಿಗೆ ಹೋಗುತ್ತೇವೆ, ನಿಂಬೆಹಣ್ಣಿನ ಬದಲು ಈ ಎಲೆಗಳನ್ನು ತೊಳೆದು ಹರಿದು ಮೇಲೆ ಉದುರಿಸುತ್ತೇವೆ. ಮಸ್ತ್ ಇರುತ್ತದೆ. ಜೊತೆಗೆ ಮೆಣಸಿನಕಾಯಿ ಬಜ್ಜಿಯೂ ಇದ್ದರೆ ಅಂತ ಆಸೆಯೇನೋ ಇದೆ, ಆದರೆ ಒಣ ಬೇಸಿಗೆಯಲ್ಲಿ ಕಾಡಲ್ಲಿ ಒಲೆ ಹಚ್ಚಲು ಇಲ್ಲಿ ನಿಷೇಧ ಹಾಕಿಬಿಡುತ್ತಾರೆ.