ಮಂಗಳವಾರ ಹಾಕಿದ ಬಾಟಲಿ

ಕಾಲೇಜು ಪತ್ರಿಕೆಯ ಸಂಪಾದಕ ಮಂಡಳಿಯ ಹುಡುಗಿ ಫೋನ್ ಮಾಡಿ, "ನಿಮ್ಮ ಸಂಶೋಧನೆಯ ಹಾದಿಯ ಬಗ್ಗೆ ಬರೆದುಕೊಡಿ ಸರ್, ನಮ್ಮ ಸಿವಿಲ್ ಬ್ಯಾಚ್‌ನಲ್ಲಿ ಮೂರ್ನಾಲ್ಕು ಜನಕ್ಕೆ ಪಿಎಚ್‌ಡಿ ಮಾಡೋ ಆಸೆಯಿದೆ" ಅಂದಳು. ಹಾದಿ ಅಂದ ಕೂಡಲೇ ನನ್ನ ಕಣ್ಣ ಮುಂದೆ ಬಂದದ್ದು ಎನ್ವಿರಾನ್‌ಮೆಂಟಲ್ ಲ್ಯಾಬ್‌ನ ಮೂಲೆಯಲ್ಲಿದ್ದ ಹಳೇ ಇನ್ಕ್ಯುಬೇಟರ್, ಬಾಟಲಿಗಳನ್ನು ಒಂದೇ ಉಷ್ಣತೆಯಲ್ಲಿ ಇಡುವ ಪೆಟ್ಟಿಗೆ. ಅದರ ಬಾಗಿಲು ತಾನಾಗಿ ಕೂರುತ್ತಿರಲಿಲ್ಲ. ಮೊಣಕಾಲಿನಿಂದ ಒಮ್ಮೆ ಒತ್ತಬೇಕಿತ್ತು.

ನಾನೇನು ಆಸೆಪಟ್ಟು ನೀರಿನ ವಿಷಯಕ್ಕೆ ಬಂದವನಲ್ಲ. ಕೊನೇ ವರ್ಷದ ಪ್ರಾಜೆಕ್ಟ್ ಹಂಚುವಾಗ ಸ್ಟ್ರಕ್ಚರ್ಸ್ ತುಂಬಿಹೋಗಿತ್ತು. ಉಳಿದದ್ದು ಚರಂಡಿ ನೀರು. ಹಾಸ್ಟೆಲಿನ ಹಿಂದಿನಿಂದ ಕ್ಯಾನ್‌ನಲ್ಲಿ ಹೊತ್ತು ತಂದು ಅದರ ಬಿಒಡಿ ನೋಡುವುದು ನನ್ನ ಪಾಲಿನ ಕೆಲಸ. ನೀರಿನಲ್ಲಿರುವ ಕೊಳೆಯನ್ನು ತಿನ್ನಲು ಸೂಕ್ಷ್ಮಜೀವಿಗಳು 5 ದಿನದಲ್ಲಿ ಎಷ್ಟು ಆಮ್ಲಜನಕ ಬಳಸುತ್ತವೆ ಅನ್ನುವುದೇ ಬಿಒಡಿ. 300 ಮಿಲಿಲೀಟರಿನ ಬಾಟಲಿಗಳು, ಗಾಜಿನ ಬಿರಡೆ. ಒಳಗೆ ಒಂದು ಗುಳ್ಳೆಯೂ ನಿಲ್ಲಬಾರದು. ಒಂದು ಬಾಟಲಿಯ ಆಮ್ಲಜನಕವನ್ನು ಅವತ್ತೇ ಅಳೆಯಬೇಕು, ಜೊತೆಯದ್ದನ್ನು 20 ಡಿಗ್ರಿಯಲ್ಲಿ ಕತ್ತಲಲ್ಲಿಟ್ಟು 5 ದಿನ ಕಾಯಬೇಕು.

ಅಳೆಯುವ ಕೆಲಸ ಮಾತ್ರ ನನಗೆ ಮೊದಲ ದಿನದಿಂದಲೇ ಹಿಡಿಸಿತು. ವಿಂಕ್ಲರ್ ಅನ್ನುವವರು 1888ರಲ್ಲಿ ಕಂಡುಹಿಡಿದ ಕ್ರಮ. ಬಾಟಲಿಗೆ ಮ್ಯಾಂಗನೀಸ್ ಸಲ್ಫೇಟ್ ಹಾಕಿ, ಆಮೇಲೆ ಕ್ಷಾರ ಬೆರೆಸಿದ ಅಯೊಡೈಡ್ ಹಾಕಿದರೆ ಒಳಗೆ ಕಂದು ಬಣ್ಣದ ಮೋಡ ಏಳುತ್ತದೆ. ಮೋಡ ಬೆಳ್ಳಗೇ ಉಳಿದರೆ ಆಮ್ಲಜನಕ ಪೂರ್ತಿ ಖಾಲಿ ಅಂತ ಅರ್ಥ. ಆಸಿಡ್ ಹಾಕಿದಾಗ ಮೋಡ ಕರಗಿ ನೀರು ಹಳದಿಯಾಗುತ್ತದೆ. ಬ್ಯುರೆಟ್‌ನಿಂದ ಥಯೋಸಲ್ಫೇಟ್ ಬಿಡುತ್ತಾ ಹೋದಂತೆ ಹಳದಿ ತೆಳುವಾಗುತ್ತದೆ. ಆಗ ಸ್ಟಾರ್ಚ್ ಹಾಕಿದರೆ ಕಡುನೀಲಿ. ಇನ್ನು ಕೆಲವು ಹನಿ ಬಿದ್ದರೆ ಆ ನೀಲಿ ಇದ್ದಕ್ಕಿದ್ದಂತೆ ಮಾಯ. ಅಷ್ಟರಲ್ಲಿ ಎಷ್ಟು ಥಯೋಸಲ್ಫೇಟ್ ಖರ್ಚಾಯಿತೋ ಅದರಿಂದ ಆಮ್ಲಜನಕದ ಲೆಕ್ಕ. ಕೊನೆಯ ಹನಿ ಯಾವುದು ಅಂತ ಹಿಡಿಯಲು ನನಗೆ ಒಂದು ತಿಂಗಳು ಬೇಕಾಯಿತು.

ಈಗ ಆ ಮಂಗಳವಾರದ ವಿಷಯ. ಒಂದು ವಾರ ಮಂಗಳವಾರ ಬಾಟಲಿ ಹಾಕಿದೆ. ಐದನೇ ದಿನ ಭಾನುವಾರ ಬಂತು, ನಾನು ರೂಮಿನಲ್ಲಿ ಹೊದ್ದು ಮಲಗಿದ್ದೆ. ಸೋಮವಾರ ಹೋಗಿ ನೋಡಿದರೆ ಆರು ದಿನ ಆಗಿಹೋಗಿದೆ. ಪಟ್ಟಿಯಲ್ಲಿ ಒಂದೇ ಒಂದು ಖಾಲಿ ಮನೆ ಕಣ್ಣು ಕುಕ್ಕುತ್ತಿತ್ತು. ಹಿಂದಿನ ವಾರ ಆಮ್ಲಜನಕದ ಇಳಿಕೆ ಲೀಟರಿಗೆ 3.6 ಮಿಲಿಗ್ರಾಂ ಬಂದಿತ್ತು, ಅದರ ಹಿಂದಿನ ವಾರ 3.2. ನಾನು 3.4 ಅಂತ ಬರೆದೆ. ಎಂಥಾ ಚೆಂದದ ಅಂಕಿ ಅಲ್ವಾ!

ನಮ್ಮ ಮೇಡಂ ಅಬ್ಸರ್ವೇಶನ್ ಪುಸ್ತಕ ನೋಡುವಾಗ ಅಂಕಿಗಿಂತ ಮೊದಲು ತಾರೀಖು ನೋಡುತ್ತಿದ್ದರು. ಅದು ನನಗೆ ಅವತ್ತು ಗೊತ್ತಾಯಿತು. ಬೆರಳು ಮಡಚಿ ದಿನ ಎಣಿಸಿದರು.

"ಭಾನುವಾರ ಲ್ಯಾಬ್ ಬೀಗ ಯಾರು ತೆಗೆದ್ರು?"

ಬೀಗದ ಕೈ ಇರುತ್ತಿದ್ದದ್ದು ಅಟೆಂಡರ್ ಹತ್ತಿರ. ಅವರು ಶನಿವಾರವೇ ಊರಿಗೆ ಹೋಗಿದ್ದರು. ನಾನು ಸುಮ್ಮನೆ ನಿಂತೆ. ನಾಚಿಕೆಯಾಗಿ ರಬ್ಬರ್ ಹುಡುಕಿದೆ.

"ಅಳಿಸ್ಬೇಡ. ಮೇಲೆ ಒಂದು ಗೆರೆ ಎಳಿ, ಕೆಳಗಿನ ಅಂಕಿ ಕಾಣ್ಬೇಕು. ಪಕ್ಕದಲ್ಲಿ ರೀಡಿಂಗ್ ತೆಗೆದಿಲ್ಲ ಅಂತ ಬರೆದು ಸಹಿ ಹಾಕು."

"ಮಾರ್ಕ್ಸ್ ಕಮ್ಮಿ ಆಗುತ್ತಾ ಮೇಡಂ?"

"ಆಗತ್ತೆ."

ಆಯಿತು ಕೂಡ. ಅವತ್ತಿನಿಂದ ಬಾಟಲಿ ಹಾಕಿದ್ದು ಬುಧ, ಗುರು, ಶುಕ್ರವಾರಗಳಲ್ಲಿ ಮಾತ್ರ. ಆಗ ರೀಡಿಂಗ್ ಸೋಮವಾರದಿಂದ ಬುಧವಾರದೊಳಗೆ ಬೀಳುತ್ತದೆ. ಆಮೇಲೆ ನಾನು ಕೆಲಸ ಮಾಡಿದ ಲ್ಯಾಬ್‌ಗಳಲ್ಲೂ ಇದೇ ಲೆಕ್ಕ ನಡೆಯುತ್ತಿತ್ತು.

ಈ 5 ದಿನ ನಿಸರ್ಗ ಹಾಕಿದ ಲೆಕ್ಕವೇನೂ ಅಲ್ಲ, ಮನುಷ್ಯರು ಕೂತು ಒಪ್ಪಿಕೊಂಡದ್ದು. ಚರಂಡಿ ನೀರಿನ ವಿಷಯಕ್ಕೆ ಬ್ರಿಟನ್ನಿನಲ್ಲಿ ಒಂದು ರಾಯಲ್ ಕಮಿಷನ್ ಇತ್ತು. ನದಿಗೆ ಬಿಡುವ ನೀರಿನ ಬಿಒಡಿ ಲೀಟರಿಗೆ 20 ಮಿಲಿಗ್ರಾಂ, ತೇಲಾಡುವ ಕಣಗಳು 30 ಮಿಲಿಗ್ರಾಂ ಮೀರಬಾರದು ಎಂದು ಅದು 1912ರ ವರದಿಯಲ್ಲಿ ಹೇಳಿತು. ಆ ಬಿಒಡಿಯೂ 5 ದಿನದ್ದೇ. ಇದನ್ನು ಓದಿದ ದಿನ ನನಗೆ ಸ್ವಲ್ಪ ಧೈರ್ಯ ಬಂತು. ಅಂಕಿಗಳ ಹಿಂದೆ ಜನ ಇದ್ದಾರೆ, ನಾನೂ ಆ ಜನರಲ್ಲಿ ಒಬ್ಬನಾಗಬಹುದು ಅನ್ನಿಸಿತು.

ನನ್ನ ರೂಮ್‌ಮೇಟ್ ಕಾಂಕ್ರೀಟ್ ಕಡೆ ಹೋದ. ಅವನಿಗೆ 28 ದಿನದ ಕಾಯುವಿಕೆ. 150 ಮಿಲಿಮೀಟರಿನ ಕ್ಯೂಬ್ ಎರೆದು, ನೀರಿನ ತೊಟ್ಟಿಯಲ್ಲಿ ನೆನೆಸಿಟ್ಟು, 28ನೇ ದಿನ ಒಡೆಯುವುದು. ಮಿಶ್ರಣ ಕೆಟ್ಟಿದ್ದರೆ ಇನ್ನೊಂದು 28. ನನ್ನ 5 ದಿನ ನೋಡಿ ಅವನು ನಗುತ್ತಿದ್ದ.

ಪಿಎಚ್‌ಡಿಗೆ ಸೇರಿದ ಮೇಲೆ ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ನನ್ನದು ಚರಂಡಿ ನೀರಿನಿಂದ ಅಮೋನಿಯ ತೆಗೆಯುವ ರಿಯಾಕ್ಟರ್, ಅಂದರೆ ಬ್ಯಾಕ್ಟೀರಿಯಾ ಸಾಕುವ ತೊಟ್ಟಿ. ಆ ಕೆಲಸ ಮಾಡುವ ಬ್ಯಾಕ್ಟೀರಿಯಾ ಬಲು ನಿಧಾನ. ಅವು ನೆಲೆಯೂರಲಿ ಅಂತ ವಾರಗಟ್ಟಲೆ ಕಾಯಬೇಕು. ಒಂದು ರಾತ್ರಿ ಒಳಗೆ ಊದುವ ಗಾಳಿ ನಿಂತರೆ ಪರಿಸ್ಥಿತಿ ಕೆಡುತ್ತದೆ. ಬೇಜಾರಾದಾಗ ನಾನು ಅರ್ಡರ್ನ್ ಮತ್ತು ಲಾಕೆಟ್ ಅನ್ನುವ ಇಬ್ಬರು ಸಂಶೋಧಕರ ಕಥೆ ನೆನೆಸಿಕೊಳ್ಳುತ್ತಿದ್ದೆ. ಮ್ಯಾಂಚೆಸ್ಟರ್‌ನಲ್ಲಿ ಅವರು ಚರಂಡಿ ನೀರಿಗೆ ಗಾಳಿ ಊದಿದಾಗ ಅಮೋನಿಯ ಪೂರ್ತಿ ಮುಗಿಯಲು ಮೊದಲ ಸಲ 5 ವಾರ ಹಿಡಿಯಿತು. ಅವರು ಮೇಲಿನ ನೀರು ಚೆಲ್ಲಿ, ತಳದ ಕೆಸರನ್ನು ಉಳಿಸಿಕೊಂಡು, ಅದಕ್ಕೇ ಹೊಸ ನೀರು ಹಾಕಿದರು. ಸಲದಿಂದ ಸಲಕ್ಕೆ ಸಮಯ ಇಳಿಯಿತು, ಕೊನೆಗೆ ಒಂದು ದಿನದೊಳಗೆ ಬಂತು. 1914ರಲ್ಲಿ ಅದನ್ನು ಪೇಪರ್ ಆಗಿ ಓದಿದರು. ಇವತ್ತು ಜಗತ್ತಿನ ದೊಡ್ಡ ದೊಡ್ಡ ಶುದ್ಧೀಕರಣ ಘಟಕಗಳು ನಡೆಯುವುದು ಆ ಕೆಸರಿನ ಮೇಲೇ.

ಇನ್ನೊಂದು ಕಥೆ ನನಗೆ ಇದಕ್ಕಿಂತ ಹತ್ತಿರದ್ದು. ಎಂಗೆಲ್ಬರ್ಟ್ ಬ್ರೋಡ ಅನ್ನುವ ಆಸ್ಟ್ರಿಯಾದ ವಿಜ್ಞಾನಿ, ಆಮ್ಲಜನಕವಿಲ್ಲದೆಯೂ ಅಮೋನಿಯದಿಂದ ಬದುಕುವ ಬ್ಯಾಕ್ಟೀರಿಯಾ ಇರಲೇಬೇಕು ಎಂದು 1977ರಲ್ಲಿ ಬರೀ ಲೆಕ್ಕದಿಂದ ಹೇಳಿದ್ದರು. ಕಣ್ಣಿಗೆ ಕಂಡವರು ಯಾರೂ ಇರಲಿಲ್ಲ. ಆಮೇಲೆ ನೆದರ್‌ಲ್ಯಾಂಡ್ಸಿನ ಡೆಲ್ಫ್ಟ್‌ನ ಒಂದು ಪ್ರಾಯೋಗಿಕ ಘಟಕದಲ್ಲಿ ಅಮೋನಿಯ ಕಾಣೆಯಾಗತೊಡಗಿತು. ಅಲ್ಲಿ ಗಾಳಿಯೇ ಇಲ್ಲ, ಅಮೋನಿಯ ಹಾಗೇ ಉಳಿಯಬೇಕಿತ್ತು. ನಾನಾಗಿದ್ದರೆ, ಅದೂ ಆ ಮಂಗಳವಾರಕ್ಕಿಂತ ಮುಂಚಿನ ನಾನಾಗಿದ್ದರೆ, ಮೀಟರ್ ಕೆಟ್ಟಿದೆ ಅಂದುಕೊಂಡು ಸರಿ ಕಾಣುವ ಅಂಕಿ ಬರೆದುಬಿಡುತ್ತಿದ್ದೆ. ಅಲ್ಲಿನವರು ಕಂಡದ್ದನ್ನೇ ಬರೆದರು. ಮುಲ್ಡರ್ ಮತ್ತು ಜೊತೆಗಾರರು 1995ರಲ್ಲಿ ಅದನ್ನು ಪ್ರಕಟಿಸಿದರು. ಅನಾಮಾಕ್ಸ್ ಅಂತ ನಾವು ಕರೆಯುವುದು ಅದನ್ನೇ. ಆ ಬ್ಯಾಕ್ಟೀರಿಯಾ ಎರಡರಷ್ಟಾಗಲು ಸುಮಾರು 11 ದಿನ ಬೇಕು. ರಾಟರ್‌ಡ್ಯಾಮ್‌ನಲ್ಲಿ 2002ರಲ್ಲಿ ಶುರುವಾದ ಮೊದಲ ದೊಡ್ಡ ಘಟಕ ಪೂರ್ತಿ ಹದಕ್ಕೆ ಬರಲು 3.5 ವರ್ಷ ಹಿಡಿಯಿತು. ನನ್ನ ರಿಯಾಕ್ಟರ್ ಬಗ್ಗೆ ಗೊಣಗುವುದನ್ನು ಅಲ್ಲಿಗೆ ನಿಲ್ಲಿಸಿದೆ.

ಪಿಎಚ್‌ಡಿ ಆಸೆಯಿರುವ ಆ ಮೂರ್ನಾಲ್ಕು ಜನಕ್ಕೆ ಮುಂದಿನದನ್ನೂ ಹೇಳಬೇಕು. ಪಿಎಚ್‌ಡಿ ಮುಗಿದ ಕೂಡಲೇ ಕುರ್ಚಿ ಸಿಗುವುದಿಲ್ಲ. ನಾನು ಎರಡು ಕಡೆ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನೆ ಕೆಲಸ, ಮಾಡಿದೆ, ಎರಡೂ ವರ್ಷ ವರ್ಷಕ್ಕೆ ಮುಗಿಯುವ ಗುತ್ತಿಗೆ. ಮಗಳ ಸ್ಕೂಲ್ ಬದಲಾಯಿಸಿದ ಲೆಕ್ಕ ಹೆಂಡತಿ ಇಟ್ಟಿದ್ದಾಳೆ, ನಾನು ಕೇಳುವುದಿಲ್ಲ. ದುಡ್ಡಿಗಾಗಿ ಬರೆದ ಪ್ರೊಪೋಸಲ್‌ಗಳಲ್ಲಿ ವಾಪಸ್ ಬಂದದ್ದೇ ಜಾಸ್ತಿ. ಒಂದು ಪೇಪರಿಗೆ, ಪ್ರಕಟಣೆಗೆ ಮುಂಚೆ ಅದನ್ನು ಪರಿಶೀಲಿಸುವ ರಿವ್ಯೂವರ್ ಇನ್ನೂ ಆರು ತಿಂಗಳ ರೀಡಿಂಗ್ ಬೇಕು ಅಂದರು. ಬೈದುಕೊಂಡೇ ತೆಗೆದೆ. ಅವರು ಹೇಳಿದ್ದು ಸರಿಯಿತ್ತು, ಚಳಿಗಾಲದಲ್ಲಿ ನನ್ನ ವಾದ ಅರ್ಧಕ್ಕರ್ಧ ಬಿದ್ದುಹೋಯಿತು. ಇನ್ನೊಂದು ಲ್ಯಾಬ್‌ನಲ್ಲಿ ಗ್ರಾಫಿನಿಂದ ಎರಡು ಚುಕ್ಕೆ ತೆಗೆದುಬಿಡು ಅಂದರು. ಕಾರಣ ಬರೆದು ತೆಗೆಯೋಣ ಅಂದೆ. ಆ ಪೇಪರಿನಲ್ಲಿ ನನ್ನ ಹೆಸರಿಲ್ಲ.

ನನ್ನ ಜೊತೆ ಪಿಎಚ್‌ಡಿ ಮಾಡಿದ ಗೆಳೆಯ ಕಾಲೇಜು ಕೆಲಸದ ಆಸೆ ಬಿಟ್ಟು ಒಂದು ಶುದ್ಧೀಕರಣ ಘಟಕ ನೋಡಿಕೊಳ್ಳಲು ಹೋದ. 'ಪಾಪ, ಬಿಟ್ಟುಬಿಟ್ಟ' ಅಂದವರಿದ್ದಾರೆ. ಪಾಪ ಯಾಕೆ? ಟ್ಯಾಂಕಿನ ಮೇಲೆ ಕಂದು ನೊರೆ ಹೊರಳಿ ನಡೆದಾಡುವ ದಾರಿಗೆ ಬರುತ್ತಿದೆ ಅಂತ ಅವನು ಒಂದು ಬೆಳಗ್ಗೆ ಫೋನ್ ಮಾಡಿದ. ನನ್ನ ಎರಡನೇ ಪ್ರಾಜೆಕ್ಟ್ ಆ ನೊರೆಯಿಂದ ಹುಟ್ಟಿತು. ಹತ್ತು ಲೀಟರಿನ ರಿಯಾಕ್ಟರ್ ಎದುರು ಕೂತ ನನಗೆ ಅಂಥ ನೊರೆ ಎಲ್ಲಿ ಕಾಣಬೇಕು!

ಪಿಎಚ್‌ಡಿಯ ಮೌಖಿಕ ಪರೀಕ್ಷೆ, ವೈವಾ ವಿಷಯ ಬಿಟ್ಟೇ ಹೋಯಿತು. ನನ್ನ ಥೀಸಿಸ್‌ನಲ್ಲಿ ಎರಡು ಪುಟದ ಒಂದು ಉದ್ದ ಪಟ್ಟಿಯಿತ್ತು, 212 ದಿನದ ರೀಡಿಂಗ್. ನಡುವೆ ಒಂದು ಮನೆಯಲ್ಲಿ ಅಡ್ಡಗೆರೆ ಮಾತ್ರ. ಹೊರಗಿನಿಂದ ಬಂದ ಪರೀಕ್ಷಕರು ಪೆನ್ನಿನ ತುದಿಯನ್ನು ನೇರ ಅಲ್ಲಿಗೇ ಇಟ್ಟರು.

"ಇದೇನು?"

"ರಾತ್ರಿ ಪಂಪಿನ ಟ್ಯೂಬ್ ಒಡೆದಿತ್ತು ಸರ್. ರೀಡಿಂಗ್ ತೆಗೆದಿಲ್ಲ."

ಅವರು ಹೂಂ ಅಂದು ಪುಟ ತಿರುವಿದರು.