ಪೆಟ್ಟಿಗೆಯಲ್ಲಿದ್ದ ಗೇಣಿ ಚೀಟಿಗಳು

ಕುಂದಾಪುರದ ಹತ್ತಿರ ನಮ್ಮದು ಒಂದಿಷ್ಟು ಗದ್ದೆ, ನಾಲ್ಕು ತೆಂಗು. ಪಾಲುಪಟ್ಟಿ ಮಾಡಿಸೋಣ ಅಂತ ಈ ಬೇಸಿಗೆಯಲ್ಲಿ ಎಲ್ಲರೂ ಊರಲ್ಲಿ ಸೇರಿದ್ದೆವು. ಹಳೆಯ ಕಾಗದ ಏನಿದ್ದರೂ ತನ್ನಿ ಅಂದಿದ್ದರು ವಕೀಲರು. ದೊಡ್ಡಪ್ಪ ಅಟ್ಟದಿಂದ ತಗಡಿನ ಪೆಟ್ಟಿಗೆ ಇಳಿಸಿದರು.

ಮೇಲೆಯೇ ಇದ್ದವು ಗೇಣಿ ಚೀಟಿಗಳು. ಅಂಗೈಯಗಲದ ಹಳದಿ ಕಾಗದ, ಧಣಿಗಳ ಮನೆಯ ಗುಮಾಸ್ತರ ಕೈಬರಹ. ಚಾಲಗೇಣಿ ಬಾಬ್ತು ಇಷ್ಟು ಮುಡಿ ಅಕ್ಕಿ ಸಂದಿದೆ, ಅಷ್ಟೇ ಒಕ್ಕಣೆ.

“ಚಾಲಗೇಣಿ ಅಂದ್ರೆ ಏನು ದೊಡ್ಡಪ್ಪ?”

“ಧಣಿ ಏಳ್ ಅಂದ್ರೆ ಏಳ್ಕ್ ಮಗಾ. ಅದೇ ಚಾಲಗೇಣಿ.”

ಅಂದರೆ ಗದ್ದೆ ಬಿಟ್ಟು ಏಳಬೇಕು. ಗೇಣಿಯ ಇನ್ನೊಂದು ಬಗೆ ಮೂಲಗೇಣಿ ಹಾಗಿರಲಿಲ್ಲ. ಗೇಣಿ ಶಾಶ್ವತವಾಗಿ ಗೊತ್ತಾಗಿರುತ್ತಿತ್ತು, ಮಕ್ಕಳು ಮೊಮ್ಮಕ್ಕಳಿಗೂ ನಡೆಯುತ್ತಿತ್ತು, ಸುಮ್ನೆ ಎಬ್ಬಿಸುವ ಹಾಗಿರಲಿಲ್ಲ. ಸರ್ಕಾರಕ್ಕೆ ತೀರ್ವೆ, ಅಂದರೆ ಭೂಕಂದಾಯ, ಕಟ್ಟುತ್ತಿದ್ದವನು ವರ್ಗದಾರ. ಅವನಿಂದ ಪಡೆದವನು ಮೂಲಗೇಣಿದಾರ, ಎಷ್ಟೋ ಕಡೆ ಅವನಿಂದ ಪಡೆದವನು ಚಾಲಗೇಣಿ ಒಕ್ಕಲು. ಒಂದೇ ಗದ್ದೆಯ ಬೆಳೆಗೆ ಎಷ್ಟು ಜನ ಕಾಯುತ್ತಿದ್ದರು ನೋಡಿ.

ಮುಡಿ ಕಟ್ಟುವುದನ್ನು ನಾನೂ ಚಿಕ್ಕವನಿದ್ದಾಗ ನೋಡಿದ್ದೇನೆ. ಬೈಹುಲ್ಲು ಹರಡಿ, ಅಕ್ಕಿ ಸುರಿದು, ಹುಲ್ಲಿನ ಹಗ್ಗದಿಂದ ಬಿಗಿಯುತ್ತಾ ಕೋಲಿನಿಂದ ಬಡಿದು ಬಡಿದು ಗುಂಡಗೆ ಮಾಡುತ್ತಿದ್ದರು. ಸಾಮಾನ್ಯವಾಗಿ ಒಂದು ಮುಡಿಗೆ 42 ಸೇರು. ಒಳಗಿನ ಅಕ್ಕಿ ವರ್ಷಗಟ್ಟಲೆ ಕೆಡುವುದಿಲ್ಲ. ಅಜ್ಜ ಒಳ್ಳೆಯ ಅಕ್ಕಿಯನ್ನೆಲ್ಲ ಹೀಗೆ ಕಟ್ಟಿ ಧಣಿಗಳ ಮನೆಗೆ ಹೊರುತ್ತಿದ್ದರಂತೆ. ಮಳೆಗಾಲ ಬರುವಷ್ಟರಲ್ಲಿ ನಮ್ಮ ಮನೆಯಲ್ಲಿ ಗಂಜಿಗೂ ತತ್ವಾರ. ಗೇಣಿ ಬಾಕಿಯಾದರೆ ಗದ್ದೆ ಬೇರೆಯವರ ಪಾಲು. ಆ ಹೆದರಿಕೆ ಇಲ್ಲದೆ ಅಜ್ಜಿ ಒಂದು ತೆಂಗಿನ ಸಸಿಯನ್ನೂ ನೆಟ್ಟಿರಲಿಲ್ಲ ಅಂತ ದೊಡ್ಡಪ್ಪ ಹೇಳಿದರು. ನನಗೆ ತುಂಬ ಹೊತ್ತು ಮಾತು ಹೊರಡಲಿಲ್ಲ.

ಪೆಟ್ಟಿಗೆಯ ತಳದಲ್ಲಿ ಡಿಕ್ಲರೇಶನ್ ಕಾಗದ ಇತ್ತು. ನಮ್ಮ ಕಡೆ ಈಗಲೂ ‘ಡಿಕ್ಲರೇಶನ್‌ನಲ್ಲಿ ಬಂದ ಜಾಗ’ ಅಂತಲೇ ಹೇಳುವುದು. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ, 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ಒಕ್ಕಲುಗಳು ನಮೂನೆ 7ರಲ್ಲಿ ಅರ್ಜಿ ಕೊಡಬೇಕು, ಅದೇ ಡಿಕ್ಲರೇಶನ್; ಭೂನ್ಯಾಯಮಂಡಳಿ ವಿಚಾರಣೆ ಮಾಡಿ ಹಕ್ಕು ಕೊಡಬೇಕು. ಧಣಿಗಳ ಎದುರು ಅರ್ಜಿ ಹಾಕುವುದಾ ಅಂತ ಅಜ್ಜ ಹಿಂಜರಿದಿದ್ದರಂತೆ. ಅಜ್ಜಿಯೇ ಹಠ ಹಿಡಿದು ಕಳಿಸಿದ್ದು. ಮಂಡಳಿಯ ಮುಂದೆ ಕೆಲಸಕ್ಕೆ ಬಂದದ್ದು ಇದೇ ಚೀಟಿಗಳು. ಚೀಟಿ ಇಲ್ಲದವರಿಗೆ ಬಾಯಿಸಾಕ್ಷಿಯೇ ಗತಿ.

ಇಷ್ಟರಲ್ಲಿ ದೊಡ್ಡಮ್ಮ ಒಂದು ಮಾತು ಹೇಳಿದರು. “ನಮ್ಗೆ ಜಾಗ ಆಯ್ತು. ಮೂಲದಾಳುಗಳಿಗೆ ಏನಾಯ್ತು?”

ಮೂಲದಾಳು ಅಂದರೆ ತಲೆಮಾರಿನಿಂದ ಒಂದೇ ಮನೆಗೆ ದುಡಿಯಲು ಕಟ್ಟುಬಿದ್ದವರು. ಗೇಣಿಯ ಮುಂದೆ ಬಂದ ‘ಮೂಲ’ ಒಬ್ಬನನ್ನು ಏಳದ ಹಾಗೆ ಕಾಪಾಡುತ್ತಿತ್ತು, ಆಳಿನ ಮುಂದೆ ಬಂದ ‘ಮೂಲ’ ಇನ್ನೊಬ್ಬನನ್ನು ಹೋಗಲು ಬಿಡುತ್ತಿರಲಿಲ್ಲ. ನಮ್ಮ ಗದ್ದೆಯಲ್ಲಿ ನೇಜಿ ನೆಟ್ಟದ್ದು ಅವರೇ. ಆದರೆ ಅವರು ಗೇಣಿ ಕೊಡುವ ಒಕ್ಕಲಲ್ಲವಲ್ಲ, ಹಾಗಾಗಿ ಗದ್ದೆಯ ಮೇಲೆ ಅವರಿಗೆ ಹಕ್ಕು ಹುಟ್ಟಲಿಲ್ಲ. ಅರಸು ಕಾಲದ ಈ ಕೆಲಸವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅದರಿಂದಲೇ ನಾವು ಓದಿದ್ದು. ಆದರೂ ಅದು ಒಕ್ಕಲಿನ ಹತ್ತಿರ ಬಂದು ನಿಂತಿತು ಅನ್ನುವುದನ್ನು ನಮ್ಮಂಥ ಮನೆಯವರು ಬಾಯಿಬಿಟ್ಟು ಹೇಳಬೇಕು.

ನಮ್ಮ ಗದ್ದೆಯಲ್ಲಿ ದುಡಿದ ಆ ಮೂಲದಾಳು ಕುಟುಂಬದ ಮಕ್ಕಳು ಈಗಲೂ ನಮ್ಮ ಗದ್ದೆಯ ಆಚೆಗೇ ಇದ್ದಾರೆ. ಅವರು ರಸ್ತೆಗೆ ಬರುವುದು ನಮ್ಮ ಅಂಚಿನ ಮೇಲೆ. ಯಾವ ಕಾಗದದಲ್ಲೂ ಆ ದಾರಿ ಇಲ್ಲ. ಪಾಲುಪಟ್ಟಿಯಲ್ಲಿ ಅದನ್ನು ಆರಡಿ ಅಗಲಕ್ಕೆ ಅವರ ದಾರಿ ಅಂತ ಬರೆಸೋಣ ಅಂದೆ. ಅಂಚು ಯಾರ ಪಾಲಿಗೆ ಬರುತ್ತದೆ ಅಂತ ಸ್ವಲ್ಪ ಚರ್ಚೆಯಾಯಿತು. ಕೊನೆಗೆ ದೊಡ್ಡಪ್ಪ ತಮ್ಮ ಪಾಲಿನಲ್ಲೇ ಬಿಡುತ್ತೇನೆ ಅಂದರು. ಸೋಮವಾರ ಸರ್ವೆಯವರು ಬಂದು ಅಳೆದು ಗುರುತು ಹಾಕಿದರು.